ಪಹಣಿಗಿಂತ ಮೊದಲು ಹಾಲಿನ ಪುಸ್ತಕ

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು 11 ವರ್ಷವಾಯಿತು. ಎರಡೂವರೆ ಎಕರೆ ಅಡಿಕೆ ತೋಟ, ಅದರೊಳಗೆ ಕಾಳುಮೆಣಸು, ಬಾಳೆ. ನಾಲ್ಕು ಹಸು. ಐದು ವರ್ಷದಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾರುತ್ತಿದ್ದೇವೆ. ಮೂರು ವರ್ಷದಿಂದ ಹೋಮ್‌ಸ್ಟೇ. ಉಪ್ಪಿನಕಾಯಿ ಅತ್ತೆಯ ಕೈರುಚಿ, ಆರ್ಡರ್ ನೋಡುವುದು ನಾನು. ಪಹಣಿ ಮಾವನದು, ಸೊಸೈಟಿ ಖಾತೆ ಮಾವನದು, ಹೋಮ್‌ಸ್ಟೇ ದುಡ್ಡು ನಮ್ಮ ಯಜಮಾನರ ಖಾತೆಗೆ. ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಕೇಳಿದರೆ ದುಡ್ಡು ಕೊಡುತ್ತಾರೆ. ಆದರೆ ಕೇಳಬೇಕು. ಮೊನ್ನೆ ಬ್ಯಾಂಕಿನ ಅರ್ಜಿಯಲ್ಲಿ ನನ್ನ ಉದ್ಯೋಗದ ಜಾಗದಲ್ಲಿ 'ಗೃಹಿಣಿ' ಅಂತ ಬರೆದರು. ಈ ವಹಿವಾಟಿನಲ್ಲಿ ನಾನು ಯಾರು? ಮನೆ ಒಡೆಯದ ಹಾಗೆ ಇದನ್ನು ಕೇಳುವುದು ಹೇಗೆ?

ಉತ್ತರ:

ತಂಗಿ, ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಒಂದೇ ಸಾಲು. "ಆದರೆ ಕೇಳಬೇಕು." ಈ ಭಾಗದ ತೋಟದ ಮನೆಗಳ ಲೆಕ್ಕ ನೋಡುವುದು, ಸಾಲಕ್ಕೆ ಯೋಜನೆ ಬರೆದುಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಜಗಲಿಯಲ್ಲಿ ಕೂತು ಲೆಕ್ಕ ಬರೆದಿದ್ದೇನೆ. ಗಂಡಸರು ಕಾಗದ ತಂದು ಮುಂದಿಡುತ್ತಾರೆ. "ಹಿಂಡಿ ಎಷ್ಟು ಬೇಕು, ಮಿಡಿ ಎಷ್ಟು ಸಾವಿರ ಹಾಕಿದ್ರಿ?" ಅಂತ ಕೇಳಿದರೆ ಉತ್ತರ ಬರುವುದು ಒಳಗಿನಿಂದ, ಬಾಗಿಲ ಹಿಂದಿನಿಂದ. ಅಂಕಿ ಅವರದು, ಸಹಿ ಇನ್ನೊಬ್ಬರದು.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಾಗದದ ಪ್ರಕಾರ ಇವತ್ತು ನೀವು ಈ ವಹಿವಾಟಿನಲ್ಲಿ ಯಾರೂ ಅಲ್ಲ. ಪಾಲುದಾರರಲ್ಲ, ಸದಸ್ಯರಲ್ಲ, ಸಂಬಳದವರೂ ಅಲ್ಲ. ಕೆಲಸದ ಲೆಕ್ಕ ಹಾಕಿದರೆ ನಿಮ್ಮ ಮನೆಗೆ ಹೊಸದಾಗಿ ಬಂದ ಆದಾಯದ ಹೆಚ್ಚಿನ ಭಾಗ ನಿಮ್ಮಿಬ್ಬರು ಹೆಂಗಸರ ಕೈಯಿಂದಲೇ ಹುಟ್ಟುತ್ತಿದೆ. ಇದನ್ನು ಸರಿ ಮಾಡಬಹುದು. ಆದರೆ ಪಹಣಿಯಿಂದ ಶುರು ಮಾಡಬೇಡಿ. ಹಾಲು ಸಂಘದಲ್ಲಿ ಲೆಕ್ಕ ಬರೆಯುವ ಹಾಲಿನ ಪುಸ್ತಕದಿಂದ ಶುರು ಮಾಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಮನೆಯಲ್ಲಿ ಆಗಿದ್ದೇನು ಅಂತ ನೋಡೋಣ. ಹಿಂದೆ ಅಡಿಕೆಯೊಂದೇ ಇದ್ದಾಗ ಹೆಂಗಸರಿಗೆ ಕೆಲಸ ಕಡಿಮೆಯೇನೂ ಇರಲಿಲ್ಲ. ಅಡಿಕೆ ಗೊನೆ ಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸಿದ್ದನ್ನು ಅಟ್ಟಕ್ಕೆ ಹರಡುವುದು, ರಾಶಿ, ಬೆಟ್ಟೆ, ಚಾಲಿ ಅಂತ ಆರಿಸುವುದು, ಅದರ ಮಧ್ಯೆ ಆಳುಗಳಿಗೆ ಆಸರಿಗೆ (ಕುಡಿಯಲು), ಊಟ. ಆದರೆ ಅದು ವರ್ಷದ ಒಂದು ಹಂಗಾಮು. ಈಗ ಅಡಿಕೆಯೊಂದನ್ನೇ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಮಳೆ ಜಾಸ್ತಿಯಾದರೆ ಕೊಳೆರೋಗ, ಮೇಲಿಂದ ಈಗ ಎಲೆಚುಕ್ಕಿ ರೋಗ, ದರವಂತೂ ಯಾರ ಕೈಯಲ್ಲೂ ಇಲ್ಲ. ಹಾಗಾಗಿ ಎರಡನೇ ಆದಾಯ, ಮೂರನೇ ಆದಾಯ ಬೇಕು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆ ಎರಡನೇ ಆದಾಯದ ಕೆಲಸ ಹೋಗಿ ಬೀಳುವುದೆಲ್ಲಿ? ಉಪ್ಪಿನಕಾಯಿ ಅಡುಗೆಮನೆಗೆ. ಹಾಲು ಕೊಟ್ಟಿಗೆಗೆ. ಹೋಮ್‌ಸ್ಟೇ ಅಡುಗೆಮನೆಗೆ, ಬಟ್ಟೆ ಒಗೆಯುವ ಕಲ್ಲಿಗೆ, ಬೆಳಗಿನ ಐದು ಗಂಟೆಗೆ. ಹೊಸ ಕಸುಬು ಪ್ರತಿಯೊಂದೂ ಮನೆಯ ಹಿಂಬಾಗಿಲಿನಿಂದ ಒಳಗೆ ಬರುತ್ತದೆ, ಅದರ ದುಡ್ಡು ಮುಂಬಾಗಿಲಿನಿಂದ.

2003ರ ಆಸುಪಾಸಿನಲ್ಲಿ ವೆನಿಲ್ಲಾಕ್ಕೆ ಬಂಗಾರದ ದರ ಬಂದಿತ್ತಲ್ವಾ. ನಮ್ಮ ತವರಿನಲ್ಲೂ ಬಳ್ಳಿ ಹಚ್ಚಿದರು. ವೆನಿಲ್ಲಾ ಹೂ ಅರಳುವುದು ಒಂದೇ ದಿನ, ಬೆಳಗಿನ ಹೊತ್ತಲ್ಲೇ ಕೈಯಿಂದ ಪರಾಗಸ್ಪರ್ಶ ಮಾಡಬೇಕು, ತಪ್ಪಿದರೆ ಕಾಯಿ ಇಲ್ಲ. ಆಯಿ (ಅಮ್ಮ), ಅತ್ತಿಗೆ ತಿಂಡಿ ಮುಗಿಸಿ ತೋಟಕ್ಕೆ ಓಡಿ ಒಂದೊಂದು ಹೂವಿಗೂ ಕಡ್ಡಿ ಮುಟ್ಟಿಸುತ್ತಿದ್ದರು. ಮಾರಿದ ದಿನ ದುಡ್ಡು ಎಷ್ಟು ಬಂತು ಅಂತ ಅವರಿಗೆ ಗೊತ್ತಾಗಿದ್ದು ಪಕ್ಕದ ಮನೆಯವರಿಂದ. ಎರಡು ವರ್ಷದಲ್ಲಿ ದರ ಬಿತ್ತು, ಬಳ್ಳಿ ಕಿತ್ತರು. ಕೀಳಬೇಕೋ ಬೇಡವೋ ಅಂತ ಅವರನ್ನು ಯಾರೂ ಕೇಳಲಿಲ್ಲ. ಅಪ್ಪಯ್ಯ ಒಳ್ಳೆಯ ಮನುಷ್ಯ. ಕೇಳಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ ಅಷ್ಟೇ. ನಿಮ್ಮ ಮನೆಯಲ್ಲೂ "ಯಾರೂ ಕೆಟ್ಟವರಲ್ಲ" ಅಂದಿರಲ್ಲ, ಅದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಅದೇ ಆಯಿಗೆ ಒಂದು ಸ್ವಂತ ಆದಾಯ ಇತ್ತು. ತೋಟದಲ್ಲಿ ಉದುರಿದ ಅಡಿಕೆ ಹೆಕ್ಕಿದ್ದು ಅವಳದು. ಆ ದುಡ್ಡನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದರಲ್ಲೇ ನನ್ನ ಕಾಲೇಜಿನ ಮೊದಲ ವರ್ಷದ ಫೀಸು ಹೋಯಿತು. ಅಷ್ಟು ಸಣ್ಣ ದುಡ್ಡಿನಲ್ಲಿ ಅವಳು ತೆಗೆದುಕೊಂಡ ನಿರ್ಧಾರ ನನ್ನ ಇಡೀ ಬದುಕನ್ನೇ ತಿರುಗಿಸಿತು. ಹಾಗಾಗಿ ಯಾರ ಕೈಯಲ್ಲಿ ಎಷ್ಟು ದುಡ್ಡು ಅನ್ನುವುದಕ್ಕಿಂತ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು ಎಷ್ಟು ಅಂತ ನಾನು ಮೊದಲು ನೋಡುತ್ತೇನೆ.

ಕೈಯಲ್ಲಿ ದುಡ್ಡು ಓಡಾಡಿದರೆ ಎಲ್ಲ ಸರಿ ಅಂತಲೂ ಅಲ್ಲ. ಘಟ್ಟ ಇಳಿದು ಕಾರವಾರದ ಮೀನು ಪೇಟೆಗೆ ಹೋಗಿ ನೋಡಿ. ದರ ಹೇಳುವವರು, ಚೌಕಾಸಿ ಮಾಡುವವರು, ದುಡ್ಡು ಎಣಿಸಿ ಸೆರಗಿಗೆ ಕಟ್ಟುವವರು ಹೆಂಗಸರೇ. ಅಂಕೋಲಾ ಕಡೆ ಹಾಲಕ್ಕಿ ಸಮುದಾಯದ ಹೆಂಗಸರು ತಾವೇ ಬೆಳೆದ ಸೊಪ್ಪು ತರಕಾರಿ ಹೊತ್ತು ತಂದು ತಾವೇ ಮಾರುತ್ತಾರೆ. ಕುಮಟಾ ಹತ್ತಿರ ಹೆದ್ದಾರಿ ಬದಿಗೆ ಬೇಸಿಗೆಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ನೇತುಹಾಕಿ ಕೂರುವವರಲ್ಲೂ ಹೆಂಗಸರು ಬಹಳ. ನಮ್ಮ ಘಟ್ಟದ ಮೇಲಿನ ತೋಟದ ಮನೆಗಳ ಹೆಂಗಸರಿಗಿಂತ ಅವರಿಗೆ ದುಡ್ಡಿನ ಧೈರ್ಯ ಜಾಸ್ತಿ, ನನಗೆ ಅವರನ್ನು ನೋಡಿದರೆ ಯಾವಾಗಲೂ ಖುಷಿ. ಆದರೆ ದೋಣಿ ಯಾರ ಹೆಸರಲ್ಲಿದೆ, ಗದ್ದೆ ಯಾರ ಹೆಸರಲ್ಲಿದೆ ಅಂತ ಕೇಳಿದರೆ ಹೆಚ್ಚಿನ ಕಡೆ ಉತ್ತರ ನಿಮ್ಮ ಮನೆಯದ್ದೇ. ದಿನದ ದುಡ್ಡು ಒಂದು ಕೈಯಲ್ಲಿ, ಆಸ್ತಿ ಇನ್ನೊಂದು ಕೈಯಲ್ಲಿ. ನಿಮಗೆ ಎರಡೂ ಬೇಕು, ಒಂದಾದ ಮೇಲೆ ಒಂದು.

ಕೆನಡಾದ ಒಂದು ಮೊಕದ್ದಮೆ ಹೇಳುತ್ತೇನೆ. ಆಲ್ಬರ್ಟಾ ಪ್ರಾಂತ್ಯದಲ್ಲಿ ಐರೀನ್ ಮರ್ಡಾಕ್ ಅನ್ನುವವರು 25 ವರ್ಷ ಗಂಡನ ಜೊತೆ ದನ ಸಾಕುವ ಜಮೀನಿನಲ್ಲಿ ದುಡಿದರು. ಹುಲ್ಲು ಕೊಯ್ದರು, ಲಾರಿ ಓಡಿಸಿದರು, ದನಗಳಿಗೆ ಲಸಿಕೆ ಹಾಕಿದರು, ಗುರುತಿನ ಬರೆ ಹಾಕಿದರು. ಗಂಡ ವರ್ಷಕ್ಕೆ ಐದು ತಿಂಗಳು ಬೇರೆ ಕೆಲಸಕ್ಕೆ ಹೋಗುತ್ತಿದ್ದ, ಆಗ ಎಲ್ಲವನ್ನೂ ಅವರೇ ನೋಡಿಕೊಂಡರು. ಸಂಸಾರ ಮುರಿದಾಗ ಜಮೀನಿನಲ್ಲಿ ಅರ್ಧ ಪಾಲು ಕೇಳಿದರು. ಇದು ಜಮೀನಿನ ಮನೆಯ ಯಾವ ಹೆಂಡತಿಯಾದರೂ ಮಾಡುವ ಕೆಲಸವೇ, ಇದರಿಂದ ಪಾಲು ಹುಟ್ಟುವುದಿಲ್ಲ ಅಂತ ಕೆಳಗಿನ ಕೋರ್ಟು ಹೇಳಿತು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಐವರಲ್ಲಿ ಒಬ್ಬ ನ್ಯಾಯಮೂರ್ತಿ ಮಾತ್ರ, ಬೋರಾ ಲಾಸ್ಕಿನ್, ಒಪ್ಪಲಿಲ್ಲ. ಆ ತೀರ್ಪಿಗೆ ದೇಶದ ಹೆಂಗಸರೆಲ್ಲ ಸಿಟ್ಟಾದರು, ಮುಂದೆ ಒಂದೊಂದೇ ಪ್ರಾಂತ್ಯ ದಂಪತಿಗಳ ಆಸ್ತಿಯ ಕಾನೂನನ್ನು ಬದಲಿಸಿತು. ನಾನು ಇದನ್ನು ಯಾಕೆ ಹೇಳಿದೆ ಅಂದರೆ, ಎಲ್ಲ ಹೆಂಡತಿಯರೂ ಮಾಡುವ ಕೆಲಸ ಅನ್ನುವ ಆ ಮಾತನ್ನು ನೀವೂ ಕೇಳಿರುತ್ತೀರಿ. ನಿಮ್ಮ ಅರ್ಜಿಯಲ್ಲಿ 'ಗೃಹಿಣಿ' ಅಂತ ಬರೆದವರು ಹೇಳಿದ್ದೂ ಅದನ್ನೇ.

ಅಂದಹಾಗೆ ಮುಂದಿನ ಸಲ ಆ ಜಾಗದಲ್ಲಿ 'ಕೃಷಿ' ಅಂತ ಬರೆಸಿ. ಸುಮ್ನೆ ಬಿಡಬೇಡಿ. 2007ರ ರಾಷ್ಟ್ರೀಯ ರೈತ ನೀತಿ ರೈತ ಅನ್ನುವ ಮಾತಿಗೆ ಜಮೀನು ಇದ್ದವರನ್ನು ಮಾತ್ರ ಸೇರಿಸಿಲ್ಲ, ಬೇಸಾಯ ಮಾಡುವವರು, ಕೂಲಿಯವರು, ಗೇಣಿಯವರು, ದನ, ಜೇನು ಸಾಕುವವರು ಎಲ್ಲರನ್ನೂ ಸೇರಿಸಿದೆ. ನೀತಿ ಹಾಗಿದ್ದರೂ ಸವಲತ್ತು ಮಾತ್ರ ಪಹಣಿಯ ಹಿಂದೆ ಹೋಗುತ್ತದೆ, ಅದು ನಿಜ. ಪಿಎಂ ಕಿಸಾನ್‌ನ ವರ್ಷದ 6000 ರೂಪಾಯಿ ಜಮೀನಿನ ಹೆಸರಿದ್ದವರಿಗೆ. ಸಹಕಾರಿ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲದೆ ಸಿಗುವ ಬೆಳೆಸಾಲವೂ ಹಾಗೆಯೇ. ರೈತರ ನೋಂದಣಿಯ ಫ್ರೂಟ್ಸ್ ಐಡಿ ಕೂಡ ಸರ್ವೆ ನಂಬರಿಗೆ ಅಂಟಿಕೊಂಡಿದೆ. 2015-16ರ ಕೃಷಿ ಗಣತಿಯಲ್ಲಿ ಇಡೀ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಹತ್ತಿರ ಹತ್ತಿರ ಶೇ 14. ತೋಟ, ಗದ್ದೆ, ಕೊಟ್ಟಿಗೆಯಲ್ಲಿ ದುಡಿಯುವವರಲ್ಲಿ ಹೆಂಗಸರು ಎಷ್ಟು ಅಂತ ನಿಮ್ಮ ಊರಲ್ಲೇ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎರಡು ತಿಂಗಳು ಯಾರಿಗೂ ಏನೂ ಹೇಳದೆ ಬರೆಯಿರಿ. ದುಡ್ಡು ಬರೆಯುವುದು ಎಲ್ಲರಿಗೂ ಗೊತ್ತು, ನೀವು ಗಂಟೆಯನ್ನೂ ಬರೆಯಿರಿ. ನಿಮ್ಮದು, ಅತ್ತೆಯದು, ಮಾವನದು, ಗಂಡನದು, ಸಹಾಯಕ್ಕೆ ಬರುವವರದು. ಯಾವ ಕಸುಬಿಗೆ ಎಷ್ಟು ಗಂಟೆ ಅಂತ ಬೇರೆ ಬೇರೆ.

ಹಪ್ಪಳದ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಅಂಕಿ ಸುಮ್ನೆ ಉದಾಹರಣೆಗೆ. ನೂರು ಹಪ್ಪಳ 400 ರೂಪಾಯಿಗೆ ಹೋಗುತ್ತದೆ ಅಂದುಕೊಳ್ಳಿ. ಒಂದು ದಿನ ಇನ್ನೂರು ಹಪ್ಪಳ, 800 ರೂಪಾಯಿ. ಮೆಣಸು, ಜೀರಿಗೆ, ಕಟ್ಟಿಗೆ, ಪ್ಲಾಸ್ಟಿಕ್ ಚೀಲ ಎಲ್ಲ ಸೇರಿ 150 ಖರ್ಚು. ಹಲಸಿನಕಾಯಿ ಮನೆಯದು. ಉಳಿದದ್ದು 650. "ಒಳ್ಳೆ ಲಾಭ" ಅಂತಾರೆ ಮನೆಯಲ್ಲಿ. ಈಗ ಗಂಟೆ ನೋಡಿ. ಕಾಯಿ ಬಿಡಿಸುವುದು, ಬೇಯಿಸುವುದು, ರುಬ್ಬುವುದು, ಒತ್ತುವುದು, ಒಣಗಿಸುವಾಗ ಕಾಗೆ ಕಾಯುವುದು, ಮಳೆ ಮೋಡ ಬಂದರೆ ಎತ್ತಿಡುವುದು, ಇಬ್ಬರು ಸೇರಿ 13 ಗಂಟೆ. ಗಂಟೆಗೆ 50 ರೂಪಾಯಿ. ನಿಮ್ಮ ಅಂಗಳಕ್ಕೆ ಅಡಿಕೆ ಸುಲಿಯಲು ಬರುವವರಿಗೆ ಕೊಡುವ ಕೂಲಿಗೆ ಇದನ್ನು ಹೋಲಿಸಿ ನೋಡಿ. ಅಂದರೆ ಹಪ್ಪಳದಲ್ಲಿ ಲಾಭ ಅನ್ನುವುದು ಇಲ್ಲವೇ ಇಲ್ಲ, ಇದ್ದದ್ದು ನಿಮ್ಮ ಕೂಲಿ, ಅದೂ ಕಡಿಮೆ ಕೂಲಿ, ಅದನ್ನೇ ಮನೆಯವರು ಲಾಭ ಅಂತ ಕರೆಯುತ್ತಿದ್ದಾರೆ. ಅಪ್ಪೆಮಿಡಿಯ ಲೆಕ್ಕ ಬೇರೆ ಬರುತ್ತದೆ. ಮಿಡಿ ಒಮ್ಮೆ ಉಪ್ಪಿಗೆ ಹಾಕಿದರೆ ವರ್ಷಗಟ್ಟಲೆ ನಿಲ್ಲುತ್ತದೆ, ಸೊನೆಯ ಪರಿಮಳಕ್ಕೆ ಜನ ದರ ಕೊಡುತ್ತಾರೆ, ಈ ಪ್ರದೇಶದ್ದೇ ಅನ್ನುವ ಭೌಗೋಳಿಕ ಸೂಚಿಯ (ಜಿಐ) ಗುರುತೂ ಇದೆ. ಒಂದೇ ಗಂಟೆಯ ಕೆಲಸಕ್ಕೆ ಜಾಸ್ತಿ ದುಡಿಯುವ ಕಸುಬು ಯಾವುದು, ನಿಮ್ಮ ಸೊಂಟ ಮುರಿಯುವ ಕಸುಬು ಯಾವುದು ಅಂತ ಎರಡು ತಿಂಗಳಲ್ಲಿ ಕಣ್ಣಿಗೆ ಕಾಣುತ್ತದೆ. ಹಪ್ಪಳವನ್ನು ಮನೆ ಬಳಕೆಗೆ ಮಾತ್ರ ಇಟ್ಟುಕೊಂಡು ಆ ಹೊತ್ತನ್ನು ಮಿಡಿಗೆ ಕೊಡುವುದು ಮೇಲು ಅಂತ ಕಂಡರೆ ಹಾಗೆ ಮಾಡಿ. ಯಾವ ಕಸುಬು ಬಿಡಬೇಕು ಅಂತ ತೀರ್ಮಾನಿಸುವವರೇ ವಹಿವಾಟಿನ ಯಜಮಾನರು.

ಹೋಮ್‌ಸ್ಟೇ ವಿಷಯದಲ್ಲಿ ಒಂದೇ ಮಾತು, ಆದರೆ ಗಟ್ಟಿ ಮಾತು. ಬುಕಿಂಗ್ ಫೋನು ಅಡುಗೆ ಮಾಡುವವರ ಕೈಯಲ್ಲಿರಲಿ. ನಾನು ನೋಡಿದ ಜಗಳಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟುತ್ತವೆ. ಗಂಡ ಪೇಟೆಯಲ್ಲಿರುತ್ತಾನೆ, ಫೋನು ಬರುತ್ತದೆ, ಸಂಜೆ ಏಳಕ್ಕೆ ಎಂಟು ಜನ ಬರುತ್ತಾರೆ ಅಂತ ಒಪ್ಪಿಕೊಂಡು ಮನೆಗೆ ಹೇಳುತ್ತಾನೆ. ಹೆಂಡತಿಗೆ ಅವತ್ತು ಜ್ವರ, ಮಗುವಿಗೆ ನಾಳೆ ಪರೀಕ್ಷೆ. ಬೇಡ ಅನ್ನುವ ಅಧಿಕಾರ ನಿಮಗಿಲ್ಲದಿದ್ದರೆ ಹೋಮ್‌ಸ್ಟೇ ನಿಮ್ಮದಲ್ಲ, ನೀವು ಅದರ ಅಡುಗೆಯವರು ಅಷ್ಟೇ. ಸಿದ್ದಾಪುರದ ಕಡೆಯ ಒಂದು ಮನೆಯಲ್ಲಿ ಫೋನು ಕೈ ಬದಲಾದ ವರ್ಷ ಅತಿಥಿಗಳು ಕಡಿಮೆಯಾದರು, ಮನೆಯವರಿಗೆ ಗಾಬರಿಯಾಯಿತು. ಆಕೆ ವಾರದ ಮಧ್ಯದ ಮೂರು ದಿನ ಮುಚ್ಚಿ, ದರ ಸ್ವಲ್ಪ ಏರಿಸಿ, ಊಟದ ಬಗೆ ಕಡಿಮೆ ಮಾಡಿದ್ದರು. ವರ್ಷದ ಕೊನೆಗೆ ಕೈಗೆ ಉಳಿದದ್ದು ಹಿಂದಿನ ವರ್ಷಕ್ಕಿಂತ ಜಾಸ್ತಿ.

ಈಗ ಹಾಲಿನ ಪುಸ್ತಕ. ಹಾಲು ಸಂಘದ ಸದಸ್ಯತ್ವಕ್ಕೆ ಪಹಣಿ ಬೇಡ. ಹಸು ಇರಬೇಕು, ಹಾಲು ಹಾಕಬೇಕು. ಹಾಗಿದ್ದರೂ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ತೊಳೆದು, ಹುಲ್ಲು ತಂದು, ಹಾಲು ಕರೆಯುವುದು ಹೆಂಗಸರು, ಪುಸ್ತಕದಲ್ಲಿ ಹೆಸರು ಗಂಡಸರದು. ಇದನ್ನು ಬದಲಿಸುವುದಕ್ಕೆ ಯಾರೂ ಏನೂ ಬಿಟ್ಟುಕೊಡಬೇಕಿಲ್ಲ. ಸಂಘದಲ್ಲಿ ಒಂದು ಅರ್ಜಿ, ಒಂದು ಷೇರು, ನಿಮ್ಮ ಬ್ಯಾಂಕ್ ಖಾತೆಯ ನಂಬರ್. ಬಟವಾಡೆ ನಿಮ್ಮ ಖಾತೆಗೆ ಬರುತ್ತದೆ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಅಲ್ಲಿಗೇ. ದುಡ್ಡು ದೊಡ್ಡದಲ್ಲ, ಆದರೆ ನಿಯಮಿತವಾಗಿ ಬರುತ್ತದೆ. ಒಂದು ವರ್ಷ ಹಾಗೆ ಬಂದ ಪಾಸ್‌ಬುಕ್ಕನ್ನು ಬ್ಯಾಂಕಿನವರ ಮುಂದಿಟ್ಟರೆ ನಿಮ್ಮನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಸಂಘದ ಸಾಮಾನ್ಯ ಸಭೆಗೂ ನೀವೇ ಹೋಗಬೇಕಾಗುತ್ತದೆ, ಹೋಗಿ. ಸಹಕಾರಿ ಸಂಘಗಳ ಆಡಳಿತ ಮಂಡಳಿಯಲ್ಲಿ ಹೆಂಗಸರಿಗೆ ಎರಡು ಸ್ಥಾನ ಮೀಸಲಿದೆ. ಸ್ವಂತ ಸದಸ್ಯತ್ವ ಇದ್ದವರು ಕಡಿಮೆ ಇದ್ದಷ್ಟೂ ಆ ಕುರ್ಚಿಗಳು ಹೆಸರಿಗೆ ಮಾತ್ರ ತುಂಬುತ್ತವೆ.

ಆಮೇಲೆ ಉಪ್ಪಿನಕಾಯಿ. ಇಲ್ಲಿ ನೀವು ಜಾಗ್ರತೆಯಿಂದ ನಡೆಯಬೇಕು, ಯಾಕೆಂದರೆ ಇದು ನಿಮ್ಮೊಬ್ಬರದಲ್ಲ. ಕೈರುಚಿ ಅತ್ತೆಯದು ಅಂತ ನೀವೇ ಬರೆದಿದ್ದೀರಿ. ಮಿಡಿ ನೋಡಿ ಯಾವ ಮರದ್ದು ಅಂತ ಹೇಳುವ, ಉಪ್ಪಿನ ಹದ ಕೈಯಲ್ಲೇ ತಿಳಿಯುವ ಜ್ಞಾನ ಅವರು ಐವತ್ತು ವರ್ಷದಲ್ಲಿ ಗಳಿಸಿದ್ದು. ಸೊಸೆ ತನ್ನ ಹೆಸರಲ್ಲಿ ಲೈಸೆನ್ಸ್ ಮಾಡಿಸಿ, ತನ್ನ ಫೋನಿಗೆ ದುಡ್ಡು ಬರುವ ಹಾಗೆ ಮಾಡಿಕೊಂಡರೆ ಮಾವನಿಂದ ಸೊಸೆಗೆ ಅಧಿಕಾರ ದಾಟಿತು ಅಂತಾಗುತ್ತದೆ, ಅತ್ತೆ ಮೊದಲಿದ್ದಲ್ಲೇ ಉಳಿಯುತ್ತಾರೆ. ಹೆಂಗಸರ ಅಧಿಕಾರ ಅಂದಾಗ ನಾವು ಗಂಡಸು, ಹೆಂಗಸು ಅಂತ ಎರಡೇ ಪಕ್ಕ ನೋಡುತ್ತೇವೆ. ತೋಟದ ಮನೆಯಲ್ಲಿ ಅತ್ತೆಗೂ ಸೊಸೆಗೂ ನಡುವೆ ಒಂದು ತಕ್ಕಡಿ ಇದೆ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಶುರುವಾದಾಗ ಅದು ಅತ್ತೆಗೋ ಸೊಸೆಗೋ ಅಂತ ಎಷ್ಟು ಮನೆಗಳಲ್ಲಿ ಮುಸುಕಿನ ಜಗಳ ಆಯಿತು ನಿಮಗೆ ಗೊತ್ತು. ನಿಮ್ಮ ಅತ್ತೆಗೆ ಬಹುಶಃ ಜೀವನದಲ್ಲಿ ಮೊದಲ ಸಲ ಸ್ವಂತ ಖಾತೆಗೆ ದುಡ್ಡು ಬಂದಿದ್ದೇ ಆವಾಗ.

ಹಾಗಾಗಿ ಉಪ್ಪಿನಕಾಯಿಯನ್ನು ಇಬ್ಬರ ಹೆಸರಲ್ಲಿ ಮಾಡಿ. ಪಾಲುದಾರಿಕೆ ಪತ್ರ ಬರೆಸಬಹುದು, ಕಷ್ಟದ ಕೆಲಸವಲ್ಲ. ಅಷ್ಟು ಬೇಡ ಅನ್ನಿಸಿದರೆ ಮೊದಲು ಇಬ್ಬರ ಜಂಟಿ ಉಳಿತಾಯ ಖಾತೆ ತೆರೆಯಿರಿ, ಡಬ್ಬಿಯ ಚೀಟಿಯ ಮೇಲೆ ಅತ್ತೆಯ ಹೆಸರು ಹಾಕಿ, ಹಣ ಬರುವ ಕ್ಯೂಆರ್ ಕೋಡ್ ಆ ಖಾತೆಯದ್ದಿರಲಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿಲ್ಲದಿದ್ದರೆ ಮಾಡಿಸಿ, ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಗೆ ದುಡ್ಡು ಕಟ್ಟಬೇಕಿಲ್ಲ. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣೆಯ ಪ್ರಧಾನಮಂತ್ರಿ ಯೋಜನೆಯಲ್ಲಿ ಯಂತ್ರ, ಶೆಡ್ಡಿಗೆ ಸಾಲ ಮಾಡಿದರೆ ಶೇ 35 ಸಹಾಯಧನ, ಅದಕ್ಕೆ ಕರ್ನಾಟಕ ಶೇ 15 ಸೇರಿಸಿ ಒಟ್ಟು ಅರ್ಧದಷ್ಟು, 15 ಲಕ್ಷದ ಮಿತಿಯೊಳಗೆ ಕೊಟ್ಟಿದೆ. ಈ ವರ್ಷದ ಅರ್ಜಿಯ ವಿಷಯ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಅದು ಉದ್ಯಮಕ್ಕೆ ಸಿಗುವ ಸಾಲ, ಯಾರ ಹೆಸರಲ್ಲಿ ಉದ್ಯಮ ಇದೆಯೋ ಅವರಿಗೇ ಸಿಗುತ್ತದೆ. ಬೆಳೆಸಾಲದ ಹಾಗೆ ಪಹಣಿಯ ಹೆಸರಿನ ಹಿಂದೆ ಹೋಗುವುದಿಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಇದ್ದರೆ ಅದರ ಮೂಲಕವೂ ದಾರಿ ಇದೆ.

ಸಹಾಯಕ್ಕೆ ಬರುವ ಹೆಂಗಸರನ್ನೂ ಮರೆಯಬೇಡಿ. ಮಿಡಿ ಆರಿಸಲು, ಅತಿಥಿಗಳ ಕೋಣೆ ಗುಡಿಸಲು ಬರುವವರಿಗೂ ಈ ವಹಿವಾಟಿನಲ್ಲಿ ಕೆಲಸ ಇದೆ. ಅವರ ಕೂಲಿಯನ್ನೂ ಅವರವರ ಹೆಸರಿಗೇ ಬರೆಯಿರಿ, ಗಂಡನ ಕೈಗೆ ಕೊಟ್ಟು ಕಳಿಸಬೇಡಿ. ನಿಮಗೆ ಬೇಕಾದದ್ದು ಅವರಿಗೂ ಬೇಕು.

ಕೊನೆಗೆ ಪಹಣಿ. ಇದರಲ್ಲಿ ಹೆದರಿಕೆಯೂ ಜಾಸ್ತಿ, ತಪ್ಪು ತಿಳಿವಳಿಕೆಯೂ ಜಾಸ್ತಿ. ಮೊದಲು ತೋಟ ಪಿತ್ರಾರ್ಜಿತವೋ ಮಾವ ಸ್ವಂತ ಗಳಿಸಿದ್ದೋ ಕೇಳಿ ತಿಳಿದುಕೊಳ್ಳಿ. ಪಿತ್ರಾರ್ಜಿತವಾದರೆ ನಿಮ್ಮ ಗಂಡನಿಗೆ ಹುಟ್ಟಿನಿಂದಲೇ ಹಕ್ಕು, ನಿಮ್ಮ ನಾದಿನಿಯರಿಗೂ ಅಷ್ಟೇ ಹಕ್ಕು. ಕರ್ನಾಟಕದಲ್ಲಿ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಅದು ಬಂದಿತ್ತು, 2005ರ ಸೆಪ್ಟೆಂಬರ್ 9ರಿಂದ ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಬಂತು, ಆ ದಿನ ತಂದೆ ಬದುಕಿರಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿತು. ಸೊಸೆಗೆ ಮಾತ್ರ ಗಂಡನ ಮನೆಯ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕಿಲ್ಲ. ಗಂಡ ತೀರಿಕೊಂಡರೆ ಅವನ ಪಾಲಿನಲ್ಲಿ ಮಕ್ಕಳು, ಅವನ ತಾಯಿಯ ಜೊತೆ ಸಮಾನ ಪಾಲು ಬರುತ್ತದೆ. ಮಾವನ ಸ್ವಯಾರ್ಜಿತವಾದರೆ ಅವರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು.

ಇಲ್ಲಿ ಒಂದು ಮಾತು ನಿಮಗೆ ಕಹಿಯಾಗಬಹುದು. ನಿಮ್ಮ ತವರಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದೀರಾ? ಈ ಕಡೆ ಅಣ್ಣತಮ್ಮಂದಿರು ತಂದಾಗ ಓದದೇ ಸಹಿ ಹಾಕುವುದು ವಾಡಿಕೆ. ನಿಮ್ಮ ನಾದಿನಿಯ ಕೈಯಿಂದ ಅಂಥದೇ ಸಹಿ ತೆಗೆಸಿಕೊಂಡು ನಿಮಗೆ ಪಾಲು ಸಿಗುವುದಾದರೆ ಅದಕ್ಕೆ ನಾನು ಜೊತೆಗಿಲ್ಲ. ಅವರೂ ಈ ತೋಟದಲ್ಲಿ ಅಡಿಕೆ ಸುಲಿದು ಬೆಳೆದವರು. ಅವರನ್ನು ಕೂರಿಸಿಕೊಂಡೇ ಮಾತಾಡಿ.

ಮಾವನಿಗೆ ಇರುವ ದೊಡ್ಡ ಹೆದರಿಕೆ ತೋಟ ತುಂಡಾಗುತ್ತದೆ ಅನ್ನುವುದು. ಎರಡೂವರೆ ಎಕರೆ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ನೀರಿನ ಕಾಲುವೆ, ಅದನ್ನು ಹರಿದು ಹಂಚಿದರೆ ಯಾರಿಗೂ ಉಪಯೋಗವಿಲ್ಲ. ಅವರ ಹೆದರಿಕೆ ಸರಿಯೇ. ಆದರೆ ಪಹಣಿಯಲ್ಲಿ ಹೆಸರು ಸೇರಿಸಲು ಪೋಡಿ, ಅಂದರೆ ಅಳೆದು ಜಮೀನು ಬೇರೆ ಬೇರೆ ಮಾಡುವುದು, ಮಾಡಬೇಕಾಗಿಲ್ಲ. ಜಂಟಿ ಹೆಸರಲ್ಲಿ ಒಂದೇ ಸರ್ವೆ ನಂಬರ್ ಹಾಗೆಯೇ ಇರಬಹುದು. ಸ್ವಯಾರ್ಜಿತ ಜಮೀನಾದರೆ ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲೆ ಬೀಳುವುದಿಲ್ಲ, ನಿಗದಿ ಮೊತ್ತ ಕಟ್ಟಿದರೆ ಸಾಕು. ಪಿತ್ರಾರ್ಜಿತವಾದರೆ ವಕೀಲರನ್ನು ಕೇಳದೆ ದಾನಪತ್ರ ಬರೆಸಬೇಡಿ, ಆಮೇಲೆ ನಿಲ್ಲುವುದಿಲ್ಲ. ಇದ್ಯಾವುದೂ ಈಗಲೇ ಆಗದಿದ್ದರೆ ಗಂಡನಿಗೆ ಅವರ ಪಾಲಿನ ಬಗ್ಗೆ ಉಯಿಲು ಬರೆಯಲು ಹೇಳಿ. ಬೇಸಾಯದ ಮನೆಯಲ್ಲಿ ನಲವತ್ತರಲ್ಲೇ ಉಯಿಲು ಇರಬೇಕು. ಮರ ಹತ್ತುವ, ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಿಸುವ, ರಾತ್ರಿ ಪಂಪಿಗೆ ಹೋಗುವ ಕೆಲಸ ಇದು.

ಕೇಳುವುದು ಹೇಗೆ ಅಂದಿರಿ. ಅಡಿಕೆ ಮಾರಿ ದುಡ್ಡು ಬಂದ ಮೇಲೆ, ಮಾರ್ಚ್‌ನಲ್ಲಿ ಸೊಸೈಟಿ ಲೆಕ್ಕ ಮುಗಿಸುವ ಮೊದಲು ಕೇಳಿ. ಆಗ ಮನೆಯಲ್ಲಿ ಎಲ್ಲರ ತಲೆಯಲ್ಲೂ ಲೆಕ್ಕವೇ ಇರುತ್ತದೆ. ಮೊದಲು ಗಂಡನಿಗೆ ನೋಟ್‌ಬುಕ್ ತೋರಿಸಿ. ಆಮೇಲೆ ಅತ್ತೆಗೆ, ಅವರ ಗಂಟೆಗಳನ್ನೂ ಬರೆದಿದ್ದೀರಲ್ಲ, ಅದನ್ನು ಓದಿ ಹೇಳಿ. ನನ್ನ ಅನುಭವದಲ್ಲಿ ಅತ್ತೆಯಂದಿರು ಅಲ್ಲೇ ಕಣ್ಣೀರು ಹಾಕುತ್ತಾರೆ. ತಮ್ಮ ಕೆಲಸವನ್ನು ಯಾರೋ ಬರೆದಿಟ್ಟಿದ್ದನ್ನು ಅವರು ನೋಡಿಯೇ ಇರುವುದಿಲ್ಲ. ಮಾವನ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ. 'ಪಾಲು' ಅನ್ನುವ ಶಬ್ದದಿಂದ ಮಾತು ಶುರು ಮಾಡಬೇಡಿ, 'ಲೆಕ್ಕ' ಅಂತ ಶುರು ಮಾಡಿ. ಮೂರು ಕಸುಬಿನ ಮೂರು ಲೆಕ್ಕ ಬೇರೆ ಇರಬೇಕು, ಹಾಲಿನದ್ದು ನನ್ನ ಹೆಸರಲ್ಲಿ, ಉಪ್ಪಿನಕಾಯಿ ನಮ್ಮಿಬ್ಬರ ಹೆಸರಲ್ಲಿ ಇರಲಿ ಅಂತ ಇಷ್ಟೇ ಕೇಳಿ. ಮನೆಖರ್ಚಿಗೆ ಎಲ್ಲ ಲೆಕ್ಕದಿಂದಲೂ ಇಷ್ಟಿಷ್ಟು ಅಂತ ನೀವೇ ಹೇಳಿಬಿಡಿ, ಕೇಳುವ ಮೊದಲೇ. ಮೊದಲ ಸಲ ಬೇಡ ಅನ್ನಬಹುದು. ಬರೆಯುವುದನ್ನು ನಿಲ್ಲಿಸಬೇಡಿ, ಮುಂದಿನ ಹಂಗಾಮಿಗೆ ಮತ್ತೆ ಕೇಳಿ.

ಈಗಿನ ಹುಡುಗಿಯರು ತೋಟದ ಮನೆಗೆ ಬರುವುದಿಲ್ಲ, ನಮ್ಮ ಹುಡುಗರಿಗೆ ಹೆಣ್ಣು ಸಿಗುವುದಿಲ್ಲ ಅಂತ ಈ ಭಾಗದ ಎಲ್ಲ ಸಭೆಗಳಲ್ಲೂ ಕೇಳುತ್ತೇನೆ. ನೂರು ಕಾರಣ ಹೇಳುತ್ತಾರೆ. ಓದಿ, ಪೇಟೆಯಲ್ಲಿ ಸಂಬಳ ಎಣಿಸಿದ ಹುಡುಗಿಗೆ ತೋಟದ ಮನೆಯಲ್ಲಿ ಸ್ವಂತ ಖಾತೆ, ಸ್ವಂತ ಕಸುಬು, ಬೇಡ ಅನ್ನುವ ಅಧಿಕಾರ ಇದೆ ಅಂತ ತೋರಿಸಿದ ಮನೆಗಳು ನನಗೆ ಗೊತ್ತು, ಅಲ್ಲಿ ಸೊಸೆಯಂದಿರು ಇದ್ದಾರೆ, ಖುಷಿಯಾಗಿಯೇ ಇದ್ದಾರೆ. ಈ ಮಾತನ್ನು ನಿಮ್ಮ ಮಾವನಿಗೆ ಬೇಕಾದರೆ ಹೇಳಿ, ಮನೆಯಲ್ಲಿ ಬೆಳೆಯುತ್ತಿರುವ ಹುಡುಗರಿದ್ದರೆ ಅವರಿಗೆ ಬೇಗ ಅರ್ಥವಾಗುತ್ತದೆ.

ಒಂದು ವಿಷಯ ನೀವು ಪತ್ರದಲ್ಲಿ ಬರೆದಿಲ್ಲ. ನಾಲ್ಕು ಹಸುಗಳ ಹಾಲು ಯಾವ ಸಂಘಕ್ಕೆ ಹೋಗುತ್ತದೆ, ಪುಸ್ತಕ ಯಾರ ಹೆಸರಲ್ಲಿದೆ? ನಾಳೆ ಬೆಳಿಗ್ಗೆ ಹಾಲು ಹಾಕಲು ಹೋದಾಗ ನೋಡಿ. ಎರಡು ತಿಂಗಳ ನೋಟ್‌ಬುಕ್ ಮುಗಿದ ಮೇಲೆ ಅದರ ಫೋಟೋ ಕಳಿಸಿ, ಕಸುಬು ಕಸುಬಿನ ಲೆಕ್ಕ ನಾನೇ ಕೂತು ಹಾಕಿಕೊಡುತ್ತೇನೆ.